ಇಪ್ಪತ್ತೈದು ಮಾತಿನ ಕಾಗದ

ಬರ್ಕ್ಲಿ ಸ್ಟೇಷನ್ನು

ಅಮೆರಿಕದಲ್ಲಿ ನಾನು ಮೊದಲು ಮುರಿದ ಕಾನೂನು ರೈಲಿನದು. ಮೈಸೂರಿನ ಒಂದು ಸಂಜೆ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕಾನೂನು ಪಾಠ ಹೇಳಿದವಳು, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದೆ.

ಟಿಕೆಟ್ಟು ಕೊಂಡಿರಲಿಲ್ಲವೆಂದಲ್ಲ. ಫ್ರೀಮಾಂಟಿನಲ್ಲಿ ರೈಲು ಹತ್ತುವಾಗ ರಟ್ಟಿನ ಚೀಟಿಯನ್ನು ಯಂತ್ರದ ಬಾಯಿಗೆ ಕೊಟ್ಟೆ. ಅದು ನುಂಗಿ, ಆಚೆ ಕಡೆ ಉಗುಳಿ, ಬಾಗಿಲು ತೆರೆಯಿತು. ಚೆಕಿಂಗ್ ಆಯಿತಲ್ಲ ಎಂದುಕೊಂಡು ಚೀಟಿಯನ್ನು ಮರ್ಯಾದೆಯಾಗಿ ಕಸದ ಡಬ್ಬಿಗೆ ಹಾಕಿದೆ. ಈ ದೇಶದಲ್ಲಿ ಕಸ ಎಲ್ಲೆಂದರಲ್ಲಿ ಎಸೆಯಬಾರದೆಂದು ತಂಗಿಯ ಮಗಳು ಹಿಂದಿನ ದಿನವಷ್ಟೇ ಪಾಠ ಹೇಳಿದ್ದಳು. ಬರ್ಕ್ಲಿಯಲ್ಲಿ ಇಳಿದು ನೋಡಿದರೆ ಹೊರಗೆ ಹೋಗುವ ಬಾಗಿಲಿಗೂ ಅದೇ ಚೀಟಿ ಬೇಕು. ಹಿಂದೆ ಜನರ ಸಾಲು ಬೆಳೆಯಿತು. ಒಬ್ಬರೂ ಬೈಯಲಿಲ್ಲ, ತಳ್ಳಲಿಲ್ಲ. ಬದಲಿಗೆ ನನಗೇ "ಸಾರಿ" ಎಂದು ಹೇಳಿ ಪಕ್ಕದ ಬಾಗಿಲಿಗೆ ಸರಿದರು. ಆ ಸಾರಿಗಳಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಗಾಜಿನ ಗೂಡಿನಲ್ಲಿದ್ದ ಕಾವಲಿನವನು ಎದ್ದು ಬಂದ. ಭಾರಿ ಆಳು, ಕರಿಯ ಮೈಬಣ್ಣ, ತೆಳುವಾದ ಕನ್ನಡಕ. ನನ್ನ ಕಥೆಯನ್ನೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕ. "ಅಮ್ಮಾ, ಇಲ್ಲಿ ಒಳಗೆ ಬರೋದು ಸುಲಭ. ಹೊರಗೆ ಹೋಗೋಕೇ ಕಾಗದ ಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿ, ಪಕ್ಕದ ಗೇಟು ತೆರೆದು ಬಿಟ್ಟ. ಎಲ್ಲಿಗೆ ಹೋಗಬೇಕೆಂದು ಕೇಳಿದ. ಕಾನೂನಿನ ವಿಚಾರಗೋಷ್ಠಿಗೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಊರು ನೋಡೋದಕ್ಕೆ ಎಂದೆ.

ಫ್ರೀಮಾಂಟಿನ ನಾಲ್ಕು ರಸ್ತೆ

ನಾನು ಉಳಿದುಕೊಂಡದ್ದು ಚಿಕ್ಕಮ್ಮನ ಮಗಳು ನಳಿನಿಯ ಮನೆಯಲ್ಲಿ. ನಳಿನಿ ಮಕ್ಕಳ ಡಾಕ್ಟರು, ಫ್ರೀಮಾಂಟಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಗಂಡ ಬೆಳಿಗ್ಗೆ ಏಳಕ್ಕೇ ಪ್ಲೆಸೆಂಟನ್ನಿನ ಆಫೀಸಿಗೆ ಹೊರಟುಬಿಡುತ್ತಿದ್ದರು. ಮಗಳು ಅನುವಿಗೆ ಹತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. "ದೊಡ್ಡಮ್ಮ" ಎಂಬ ಒಂದು ಶಬ್ದವನ್ನು ಮಾತ್ರ ತಪ್ಪದೆ ಕನ್ನಡದಲ್ಲಿ ಹೇಳುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶರತ್ಕಾಲವಾದ್ದರಿಂದ ಊರಿನ ಹಿಂದಿನ ಗುಡ್ಡಗಳೆಲ್ಲ ಒಣಗಿ, ಮಾಗಿದ ರಾಗಿ ಹೊಲದ ಬಣ್ಣಕ್ಕೆ ತಿರುಗಿದ್ದವು. ನಳಿನಿಯ ಕಾರಿನಲ್ಲಿ ಕೂತು ನೋಡುತ್ತಿದ್ದಾಗ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಒಂದು ನಾಲ್ಕು ರಸ್ತೆ ಕೂಡುವ ಜಾಗ. ಸಿಗ್ನಲ್ಲಿಲ್ಲ, ಪೊಲೀಸಿಲ್ಲ, ಸ್ಟಾಪ್ ಎಂದು ಬರೆದ ಒಂದು ಹಲಗೆ ಮಾತ್ರ. ಎಡಕ್ಕೂ ಬಲಕ್ಕೂ ಒಂದು ನರಪಿಳ್ಳೆಯಿಲ್ಲ. ಆದರೂ ನಳಿನಿ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ಆಮೇಲೆ ಹೊರಟಳು.

"ಯಾರೂ ಇಲ್ವಲ್ಲೇ, ಯಾಕೆ ನಿಲ್ಲಿಸ್ದೆ?"

"ಯಾರೂ ಇಲ್ಲ ಅಂತ ನಂಗೂ ಗೊತ್ತು ಸರೋಜಕ್ಕ. ಆದ್ರೂ ಸ್ಟಾಪು ಅಂದ್ರೆ ಸ್ಟಾಪು. ಹ್ಯಾಬಿಟ್ಟು ಆಗೋಗಿದೆ."

ನಮ್ಮ ರಾಮಸ್ವಾಮಿ ವೃತ್ತದಲ್ಲಿ ಸೀಟಿ ಊದಿ ಊದಿ ಗಂಟಲು ಕಟ್ಟಿದ ಪೇದೆಯ ಎದುರಿಗೇ ಸೈಕಲ್ಲುಗಳು ಅಡ್ಡಾದಿಡ್ಡಿ ನುಗ್ಗುವುದನ್ನು ನೋಡಿ ಬೆಳೆದವಳು ನಾನು. ಪೊಲೀಸಿಲ್ಲದ ಕಡೆ ನಿಲ್ಲುವ ಈ ಅಭ್ಯಾಸ ನನ್ನ ಮನಸ್ಸಿಗೆ ತೀರ ಹತ್ತಿರವಾಯಿತು. ಅದಕ್ಕೆ ಕಾರಣವೂ ಇತ್ತು. ನಾನು ಗೋಷ್ಠಿಯಲ್ಲಿ ಓದಲು ತಂದಿದ್ದ ಪ್ರಬಂಧ ಪೊಲೀಸಿಲ್ಲದ ಕಾನೂನಿನ ಬಗ್ಗೆಯೇ ಆಗಿತ್ತು. ಒಂದು ದೇಶದ ಸೈನ್ಯ ಇನ್ನೊಂದು ದೇಶಕ್ಕೆ ನುಗ್ಗಿ ಅದನ್ನು ಹಿಡಿದುಕೊಂಡು ಕೂತಿತೆನ್ನಿ. ಅಲ್ಲಿನ ಸಾಮಾನ್ಯ ಜನರಿಗೆ ಆ ಸೈನ್ಯ ಏನೇನು ಮಾಡಬೇಕು, ಏನು ಮಾಡಕೂಡದು? ಜಿನೀವಾ ಒಪ್ಪಂದ ಇದನ್ನು ವಿವರವಾಗಿ ಹೇಳುತ್ತದೆ. ಜನರ ಹೊಟ್ಟೆಗೂ ಔಷಧಿಗೂ ಹೊಣೆ ನೆಲ ಹಿಡಿದವನದೇ. ಆಸ್ಪತ್ರೆ ನಡೆಯುವಂತೆ ನೋಡಿಕೊಳ್ಳಬೇಕು. ಡಾಕ್ಟರು, ನರ್ಸು, ಸೂಲಗಿತ್ತಿಯರನ್ನು ಅವರವರ ಕೆಲಸಕ್ಕೆ ಬಿಡಬೇಕು. ಜನರನ್ನು ಅವರ ನೆಲದಿಂದ ಓಡಿಸಕೂಡದು. ನಾನು ತರಗತಿಯಲ್ಲಿ ಇದನ್ನು ಒಂದೇ ವಾಕ್ಯಕ್ಕೆ ಇಳಿಸಿ ಹೇಳುತ್ತಿದ್ದೆ: ನೆಲ ಹಿಡಿದವನು ಒಡೆಯನಲ್ಲ, ಸದ್ಯಕ್ಕೆ ಕಾವಲುಗಾರ. ಪರೀಕ್ಷೆಯಲ್ಲಿ ಹುಡುಗರು ಅದನ್ನು ಹಾಗೇ ಬರೆಯುತ್ತಿದ್ದರು; ನಾನು ಅಂಕ ಕೊಡುತ್ತಿದ್ದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ನನ್ನ ಪ್ರಬಂಧದಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ. ಮೊದಲು ಬರೆದಾಗ ಅಫ್ಘಾನಿಸ್ತಾನವಿತ್ತು, ಸೋವಿಯತ್ ಸೈನ್ಯವಿತ್ತು. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. "ಹೆಸರು ಯಾಕೆ ಮೇಡಂ? ಸರ್ಕಾರದ ಗ್ರಾಂಟಿನಲ್ಲಿ ನಡೀತಿರೋ ಕಾಲೇಜು ನಮ್ದು. ಮಾಸ್ಕೋ ಜೊತೆ ನಮ್ಮ ಸ್ನೇಹ ಹೇಗಿದೆ ಅಂತ ನಿಮಗೇ ಗೊತ್ತು. ಎಕ್ಸ್ ದೇಶ, ವೈ ದೇಶ ಅಂತ ಹಾಕಿ. ಕಾನೂನು ಎಲ್ರಿಗೂ ಒಂದೇ ತಾನೆ?" ನಾನು ಎರಡನೆಯ ಮಾತಾಡಲಿಲ್ಲ. ಆ ರಾತ್ರಿಯೇ ಎಲ್ಲ ಹೆಸರುಗಳನ್ನೂ ಅಳಿಸಿ ಬೀಜಗಣಿತ ಮಾಡಿಬಿಟ್ಟೆ.

ಮತ್ತೆ ಬರ್ಕ್ಲಿ

ಪ್ರಬಂಧ ಓದುವ ದಿನ ನಳಿನಿ ರಜೆ ಹಾಕಿ ತಾನೇ ಕಾರಿನಲ್ಲಿ ಕರೆದುಕೊಂಡು ಹೋದಳು. ಅವಳ ಜೊತೆ ಇನ್ನೊಬ್ಬ ಹೆಂಗಸು ಬಂದರು. ಸುಮಾರು ನಲವತ್ತೈದರ ವಯಸ್ಸು, ಬೂದು ಬಣ್ಣದ ಕೋಟು, ಕೂದಲ ಮೇಲೆ ಸಡಿಲವಾಗಿ ಹೊದ್ದ ಬಿಳಿ ಬಟ್ಟೆ. ಹೆಸರು ಮಹಬೂಬಾ. ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಇಂಗ್ಲಿಷು ಬಾರದ ತಾಯಂದಿರು ಕ್ಲಿನಿಕ್ಕಿಗೆ ಬಂದಾಗ ಅವರ ಮಾತನ್ನು ನಳಿನಿಗೆ ತಿಳಿಸಿ ಹೇಳುತ್ತಾರೆ. "ನಮ್ಮಕ್ಕ ಲಾ ಲೆಕ್ಚರರ್ರು, ನಿಮ್ಮಂಥೋರ ಬಗ್ಗೇನೇ ಮಾತಾಡ್ತಾರೆ ಅಂದೆ. ನಾನೂ ಬರ್ತೀನಿ ಅಂದ್ರು" ಎಂದು ನಳಿನಿ ನನಗೆ ಕನ್ನಡದಲ್ಲಿ ಹೇಳಿದಳು. ನಿಮ್ಮಂಥವರು ಎಂದರೆ ಎಂಥವರು ಎಂದು ಕೇಳಲು ನನಗೆ ಹೊಳೆಯಲಿಲ್ಲ. ನಾನು ದಾರಿಯುದ್ದಕ್ಕೂ ಪುಟ ತಿರುವಿ ಉಚ್ಚಾರಣೆ ಸರಿಮಾಡಿಕೊಳ್ಳುತ್ತಿದ್ದೆ.

ಮೂವತ್ತು ಜನರ ಸಭೆ. ಪ್ರಬಂಧ ಚೆನ್ನಾಗಿಯೇ ಹೋಯಿತು. ಗಡ್ಡದ ಯುವಕನೊಬ್ಬ, "ಬಂದ ಸೈನ್ಯ ತನ್ನನ್ನು ಆ ದೇಶದ ಸರ್ಕಾರವೇ ಕರೆಯಿತು ಅಂದರೆ?" ಎಂದು ಕೇಳಿದ. ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಯಾರು ಕರೆದರು ಎಂಬುದು ರಾಜಕೀಯದ ಜಗಳ; ನೆಲದ ಮೇಲೆ ಯಾರ ಕೈ ನಡೆಯುತ್ತಿದೆಯೋ ಜನರ ಹೊಣೆಯೂ ಅವರದೇ ಆಗಬೇಕು, ಹೆಸರು ಏನಾದರೂ ಇರಲಿ ಎಂದೆ. ಕೆಲವರು ಬರೆದುಕೊಂಡರು. ನನಗೆ ಸಂತೋಷವಾಯಿತು.

ಆಗ ಹಿಂದಿನ ಸಾಲಿನಿಂದ ಮಹಬೂಬಾ ಎದ್ದು ನಿಂತರು.

"ನೀವು ವೈ ದೇಶ ಅಂದಿರಲ್ಲ, ನಾನು ಆ ದೇಶದವಳು" ಎಂದರು. ಇಂಗ್ಲಿಷು ನಿಧಾನ, ಆದರೆ ಸ್ಪಷ್ಟ. "ಅದಕ್ಕೆ ಹೆಸರಿದೆ. ನಾನು ಕಾಬೂಲಿನಲ್ಲಿ ಹದಿನೈದು ವರ್ಷ ಭೂಗೋಳ ಕಲಿಸಿದವಳು. ನಕ್ಷೆಯಲ್ಲಿ ತೋರಿಸಬಲ್ಲೆ."

ಯಾರೋ ನಗಲು ಹೋಗಿ ಸುಮ್ಮನಾದರು.

"ನನ್ನ ತಂಗಿ ಅಲ್ಲಿ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಸೂಲಗಿತ್ತಿ. ನೀವು ಹೇಳಿದ ಕಾನೂನು ಬಹಳ ಚೆನ್ನಾಗಿದೆ. ಅದನ್ನು ಯಾವ ಕಚೇರಿಗೆ ತೆಗೆದುಕೊಂಡು ಹೋಗಿ ಕೊಟ್ಟರೆ ಅವಳನ್ನು ಅವಳ ಕೆಲಸಕ್ಕೆ ಬಿಡುತ್ತಾರೆ?"

ನಾನು ನೀರು ಕುಡಿದೆ.

"ಇನ್ನೊಂದು ಪ್ರಶ್ನೆ. ಅವರು ಬಂದಾಗ ಇಂಡಿಯಾ ಏನು ಹೇಳಿತು?"

"ನಾನು ಬರೀ ಮೇಷ್ಟ್ರು. ನಾನು ಸರ್ಕಾರವಲ್ಲ" ಎಂದೆ.

ಅವರು ತಲೆಯಾಡಿಸಿದರು. ಕೋಪವಿರಲಿಲ್ಲ. "ಚೆಕ್‌ಪೋಸ್ಟಿನ ಸಿಪಾಯಿಯೂ ನನಗೆ ಹೀಗೇ ಹೇಳುತ್ತಿದ್ದ. ನಾನು ಬರೀ ಸಿಪಾಯಿ, ಸರ್ಕಾರವಲ್ಲ ಅಂತ" ಎಂದು ಹೇಳಿ ಕೂತರು.

ಅಧ್ಯಕ್ಷರು ಚಹಾಕ್ಕೆ ಬಿಡುವು ಕೊಟ್ಟರು. ಕಷ್ಟವೆಂದರೆ ವಾಪಸು ಹೋಗಬೇಕಾದದ್ದೂ ಅದೇ ಕಾರಿನಲ್ಲಿ. ನಳಿನಿ ಫ್ರೀವೇ ಮೇಲೆ ಏನೇನೋ ಮಾತಾಡಿದಳು: ಟ್ರಾಫಿಕ್ಕು, ಅನುವಿನ ಸ್ಕೂಲು, ಗ್ರೋಸರಿಯಲ್ಲಿ ಬೆಂಡೆಕಾಯಿ ಸಿಗದಿರುವುದು. ನಾವಿಬ್ಬರೂ ಹೂಂ, ಹೂಂ ಎಂದೆವು. ಮಹಬೂಬಾ ತಮ್ಮ ಅಪಾರ್ಟ್‌ಮೆಂಟಿನ ಎದುರು ಇಳಿದವರು ಕಿಟಕಿಗೆ ಬಗ್ಗಿ ನನ್ನನ್ನು ನೋಡಿದರು. ಇಂಗ್ಲಿಷು ಬಿಟ್ಟು ಹಿಂದಿಯಲ್ಲಿ, "ಬೆಹೆನ್‌ಜಿ, ಭಾನುವಾರ ಚಹಾಕ್ಕೆ ಬನ್ನಿ. ನಾನು ಸಭೆಯಲ್ಲಿ ಒರಟಾಗಿ ಮಾತಾಡಿದೆ. ಮನೆಯಲ್ಲಿ ಹಾಗಿರುವುದಿಲ್ಲ" ಎಂದರು.

ಮಹಬೂಬಾ ಅವರ ಅಪಾರ್ಟ್‌ಮೆಂಟು

ನನ್ನ ಹಿಂದಿ ಪರೀಕ್ಷೆ ಕಟ್ಟಿ ಕಲಿತ ಹಿಂದಿ. ಅವರದು ಕಾಬೂಲಿನ ಟಾಕೀಸುಗಳಲ್ಲಿ ಬೊಂಬಾಯಿ ಸಿನಿಮಾ ನೋಡಿ ಕಲಿತದ್ದು. ನಾನು ಸರ್ಕಾರಿ ಪ್ರಕಟಣೆಯ ಹಾಗೆ ಮಾತಾಡುತ್ತಿದ್ದೆ, ಅವರು ನಾಯಕಿಯ ಹಾಗೆ. ಹೇಗೋ ನಡೆಯಿತು.

ಕುರ್ಚಿಗಳಿರಲಿಲ್ಲ. ಗೋಡೆಗುಂಟ ಕೆಂಪು ಹಾಸಿಗೆಗಳು, ಒರಗುದಿಂಬುಗಳು. ನಾನು ಸೀರೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ ಸೊಂಟಕ್ಕೆ ಸುಖವಾಯಿತು. ಏಲಕ್ಕಿ ಹಾಕಿದ ಹಸಿರು ಚಹಾ ಬಂತು, ಸಕ್ಕರೆ ಮೆತ್ತಿದ ಬಾದಾಮಿ ಬಂತು. ತಟ್ಟೆಯಲ್ಲಿ ಬಿಟ್ಟರೆ ಅನ್ನಪೂರ್ಣೆಗೆ ಅವಮಾನ ಎಂದು ಬೆಳೆಸಿದ ಮನೆ ನಮ್ಮದು. ಬಟ್ಟಲು ಖಾಲಿ ಮಾಡಿದೆ. ಅವರು ತುಂಬಿದರು. ಮತ್ತೆ ಖಾಲಿ ಮಾಡಿದೆ. ಮತ್ತೆ ತುಂಬಿದರು. ಏಳನೆಯ ಬಟ್ಟಲಿಗೆ ನಾನು ದೀನಳಾಗಿ ನಳಿನಿಯ ಕಡೆ ನೋಡಿದೆ.

"ಅಕ್ಕ, ಸಾಕಾದ್ರೆ ಕಪ್ಪು ಬೋರಲು ಹಾಕ್ಬೇಕು" ಎಂದು ಅವಳು ಪಿಸುಗುಟ್ಟಿದಳು.

"ಮೊದಲೇ ಹೇಳೋಕೇನಾಗಿತ್ತೇ ನಿಂಗೆ?"

"ನಿಂಗೆ ಇಷ್ಟ ಆಗಿದೆ ಅಂದ್ಕೊಂಡೆ."

ವಿಷಯ ತಿಳಿದ ಮಹಬೂಬಾ ದಿಂಬಿಗೆ ಮುಖ ಒತ್ತಿ ನಕ್ಕರು. ಅಲ್ಲಿಗೆ ಸಭೆಯ ಗಂಟು ಸಡಿಲವಾಯಿತು. ಊಟಕ್ಕೆ ಕುರಿಮಾಂಸದ ಅನ್ನದ ಪಕ್ಕದಲ್ಲಿ, ಮಾಂಸ ತಿನ್ನದ ನಮಗಾಗಿ ಬೇರೆಯೇ ಪಾತ್ರೆಯಲ್ಲಿ, ಹುರಿದ ಸಿಹಿಗುಂಬಳದ ಮೇಲೆ ಮೊಸರು ಹುಯ್ದು ಒಣ ಪುದೀನ ಉದುರಿಸಿಟ್ಟಿದ್ದರು. ಒಗ್ಗರಣೆಯೊಂದು ಬಿದ್ದಿದ್ದರೆ ನಮ್ಮಮ್ಮ ಮಾಡುತ್ತಿದ್ದ ಮೊಸರುಬಜ್ಜಿಯೇ. ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ಅವರು ಬೀರುವಿನಿಂದ ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ಒಳಗೆ ಅಚ್ಚು ಹಾಕಿದ ಒಂದು ಫಾರಮು, ಅದರಲ್ಲಿ ಕೈಬರಹ, ಬರಹದ ಮೇಲೆ ಅಡ್ಡ ಗೆರೆಗಳು.

ಅದರ ಹಿನ್ನೆಲೆ ಇದು. ಯುದ್ಧದಲ್ಲಿ ಬೇರೆಯಾದ ಮನೆಮಂದಿಗೆ ಪರಸ್ಪರ ಸುದ್ದಿ ಮುಟ್ಟಿಸುವ ಒಂದು ಪರಿಹಾರ ಸಂಸ್ಥೆಯುಂಟು. ಕಾಬೂಲಿನಲ್ಲಿ ಅದರ ಕೆಲಸಕ್ಕೆ ಮತ್ತೆ ಅನುಮತಿ ಸಿಕ್ಕಿ ಹೆಚ್ಚು ಕಾಲವಾಗಿರಲಿಲ್ಲ. ಸುದ್ದಿ ತಿಳಿದ ದಿನವೇ ಮಹಬೂಬಾ ತಂಗಿ ನಜೀಬಾಳಿಗೆ ಬರೆದಿದ್ದರು. ಆಸ್ಪತ್ರೆಯಲ್ಲಿ ಔಷಧಿ ಇದೆಯೇ? ಕರ್ಫ್ಯೂ ಹೊತ್ತಿನಲ್ಲಿ ಹೆರಿಗೆಗೆ ಕರೆ ಬಂದರೆ ಹೋಗಲು ಬಿಡುತ್ತಾರೆಯೇ? ಸಿಪಾಯಿಗಳು ಇನ್ನೂ ವಾರ್ಡಿನಲ್ಲೇ ಇದ್ದಾರೆಯೇ? ಐದು ತಿಂಗಳ ನಂತರ ಫಾರಮು ಹಿಂದಿರುಗಿತು, ಮೂರು ಪ್ರಶ್ನೆಗಳ ಮೇಲೂ ಗೆರೆ. ಕೆಳಗೆ ಒಂದು ಸಾಲು: ಕುಟುಂಬದ ಸ್ವಂತ ಸುದ್ದಿ ಮಾತ್ರ.

"ಎರಡು ವರ್ಷದ ಹಿಂದೆ ಗಡಿ ದಾಟಿ ಪಾಕಿಸ್ತಾನದ ಪೇಶಾವರಕ್ಕೆ ಬಂದವರೊಬ್ಬರು ಹೇಳಿ ಕಳಿಸಿದರು, ಆಸ್ಪತ್ರೆಯ ಛಾವಣಿಗೆ ಏಟು ಬಿದ್ದಿದೆ, ನಜೀಬಾ ಶಾಲೆಯ ಕೋಣೆಯಲ್ಲಿ ಹೆರಿಗೆ ಮಾಡಿಸುತ್ತಿದ್ದಾಳೆ ಅಂತ. ಆಮೇಲೆ ಏನೂ ಇಲ್ಲ. ನಾವೆಲ್ಲ ಹೊರಟಾಗ ಅವಳನ್ನೂ ಕರೆದೆ. ತಿಂಗಳು ತುಂಬಿದವರು ಒಂಬತ್ತು ಜನ ಇದ್ದಾರೆ, ಅವರದಾಗಲಿ, ಬರುತ್ತೇನೆ ಅಂದಳು. ಆ ಒಂಬತ್ತು ಮುಗಿಯುವ ಹೊತ್ತಿಗೆ ಬೇರೆ ಒಂಬತ್ತು ಇರುತ್ತಾರೆ, ಅಲ್ಲವೇ?"

ಅವರು ಇನ್ನೊಂದು ಫಾರಮು ತೋರಿಸಿದರು, ಖಾಲಿಯದು. "ಇದನ್ನು ತಂದು ಎರಡು ತಿಂಗಳಾಯಿತು. ಏನು ಬರೆಯಲಿ? ಚೆನ್ನಾಗಿದ್ದೀಯಾ, ಊಟ ಮಾಡಿದೆಯಾ, ಹವೆ ಹೇಗಿದೆ? ಅವಳೇನು ಬೇಸಿಗೆ ರಜೆಗೆ ಹೋಗಿದ್ದಾಳೆಯೇ? ನಿಮ್ಮ ಕಾನೂನು ಅವಳ ಕೆಲಸವನ್ನು ಕಾಪಾಡುತ್ತೇನೆ ಅನ್ನುತ್ತದೆ. ಕೆಲಸ ನಡೀತಿದೆಯಾ ಎಂದು ಕೇಳಲು ಮಾತ್ರ ನನ್ನನ್ನು ಬಿಡುವುದಿಲ್ಲ."

ಹೇಳದೆ ಇರಲಾಗದೆ, ನಾನು ಎಕ್ಸ್ ಮತ್ತು ವೈಯ ಕಥೆಯನ್ನು ಹೇಳಿದೆ. ಮೊದಲು ಹೆಸರುಗಳಿದ್ದದ್ದು, ಪ್ರಿನ್ಸಿಪಾಲರ ಮಾತು, ಒಂದೇ ರಾತ್ರಿಯಲ್ಲಿ ಅಳಿಸಿದ್ದು. ನಿಮ್ಮ ಫಾರಮಿನ ಮೇಲೆ ಯಾರೋ ಗೆರೆ ಎಳೆದರು, ನನ್ನದರ ಮೇಲೆ ನಾನೇ ಎಳೆದುಕೊಂಡೆ ಎಂದೆ. ನಳಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ.

ಮಹಬೂಬಾ ಸಮಾಧಾನ ಹೇಳಲಿಲ್ಲ. ಬಟ್ಟಲನ್ನು ಮೇಲ್ಮುಖ ಮಾಡಿ ಎಂಟನೆಯ ಚಹಾ ಹುಯ್ದರು. ಅದನ್ನು ನಾನು ಕ್ಷಮೆಯೆಂದೇ ತಿಳಿದು ಕುಡಿದೆ.

"ಒಪ್ಪಂದದಲ್ಲಿ ಒಂದು ಸಣ್ಣ ವಿಧಿಯಿದೆ" ಎಂದೆ. "ಹಿಡಿದ ನೆಲದಲ್ಲಿರುವವರಿಗೂ ತಮ್ಮ ಮನೆಯವರಿಗೆ ಸುದ್ದಿ ಕೊಡುವ, ಅವರಿಂದ ಪಡೆಯುವ ಹಕ್ಕುಂಟು. ಅದನ್ನು ಎಷ್ಟೇ ಬಿಗಿ ಮಾಡಿದರೂ ತಿಂಗಳಿಗೊಂದು ಫಾರಮು, ಅದರಲ್ಲಿ ಇಪ್ಪತ್ತೈದು ಮಾತು, ಇಷ್ಟಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ನಿಮ್ಮ ಇಷ್ಟದ ಇಪ್ಪತ್ತೈದು ಮಾತು. ನಾನು ಇಷ್ಟು ವರ್ಷ ಆ ವಿಧಿಯನ್ನು ಪಾಠದಲ್ಲಿ ಹಾರಿಸಿಬಿಡುತ್ತಿದ್ದೆ, ಬಹಳ ಚಿಕ್ಕದು ಅಂತ."

"ಇಪ್ಪತ್ತೈದು" ಎಂದು ಅವರು ಬೆರಳು ಮಡಿಸಿದರು. ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಮಕ್ಕಳು ಚಕ್ರದ ಹಲಗೆಯ ಮೇಲೆ ಜಾರಿ ಬೀಳುತ್ತಿದ್ದವು. ಅವನ್ನು ನೋಡುತ್ತ ನಿಂತವರು ತಿರುಗಿ ಕೇಳಿದರು: "ಸೂಲಗಿತ್ತಿಯನ್ನು ಅವಳ ಅಕ್ಕ, ಈ ವರ್ಷ ಎಷ್ಟು ಮಕ್ಕಳು ಬಂದವು ಎಂದು ಕೇಳಿದರೆ ಅದು ರಾಜಕೀಯವೇ?"

ಆ ಒಂದು ಸಂಖ್ಯೆ ಬಂದರೆ ಎಲ್ಲವೂ ಬಂದ ಹಾಗೆ. ಅವಳು ಬದುಕಿದ್ದಾಳೆ, ಕೈ ಆಡುತ್ತಿದೆ, ಹೆರುವವರು ಅವಳ ಹತ್ತಿರ ಬರಬಲ್ಲರು ಅಥವಾ ಅವಳು ಅವರ ಹತ್ತಿರ ಹೋಗಬಲ್ಲಳು. ಆದರೆ ನನ್ನೊಳಗಿನ ಮೇಷ್ಟ್ರು ತಕರಾರು ತೆಗೆದಳು. ಇದು ಕಳ್ಳದಾರಿಯೇ? ಗುಪ್ತ ಸಂಕೇತವೆಂದು ತಿಳಿದು ನಜೀಬಾಳಿಗೇ ತೊಂದರೆ ಕೊಟ್ಟರೆ?

"ನೀವು ಕಾಬೂಲಿನಲ್ಲಿದ್ದಾಗ ಅವಳನ್ನು ಹೀಗೆ ಕೇಳುತ್ತಿದ್ದಿರಾ?" ಎಂದೆ.

"ಪ್ರತಿ ಹಬ್ಬಕ್ಕೂ. ನಮ್ಮ ಮನೆಯಲ್ಲಿ ಅವಳನ್ನು ಬೇರೆ ಏನೂ ಕೇಳುತ್ತಲೇ ಇರಲಿಲ್ಲ."

"ಹಾಗಾದರೆ ಇದು ಕುಟುಂಬದ ಸುದ್ದಿ. ಬರೆಯಿರಿ."

ಅವರು ತಮ್ಮ ಊರಿನ ದರಿ ಭಾಷೆಯಲ್ಲಿ ಬಲದಿಂದ ಎಡಕ್ಕೆ ಬರೆದರು. ನಾನು ಬೆರಳಲ್ಲಿ ಎಣಿಸಿದೆ. ಮೊದಲು ಮೂವತ್ತೊಂದಾಯಿತು. ಸಲಾಮುಗಳನ್ನು ತೆಗೆದರು, ಹವೆಯನ್ನು ತೆಗೆದರು. ಕೊನೆಗೆ ಉಳಿದದ್ದನ್ನು ಹಿಂದಿಯಲ್ಲಿ ಓದಿ ಹೇಳಿದರು. ಕನ್ನಡದಲ್ಲಿ ಅದು ಹೀಗಾಗುತ್ತದೆ:

"ಪ್ರೀತಿಯ ನಜೀಬಾ, ನಾವು ಇಲ್ಲಿ ಕ್ಷೇಮ. ನನಗೆ ಪುಟ್ಟ ಮಕ್ಕಳ ಜೊತೆ ಕೆಲಸ. ನಿನಗೂ ಮಕ್ಕಳ ಜೊತೆಗೇ ಅಲ್ಲವೇ? ಈ ವರ್ಷ ಎಷ್ಟು ಮಕ್ಕಳು ನಿನ್ನ ಕೈಗೆ ಬಂದವು? ಬರೆ. ನಿನ್ನ ಅಕ್ಕ ಮಹಬೂಬಾ."

ಸೇತುವೆಯಾಚೆ, ರೆಡ್‌ವುಡ್ ಸಿಟಿ

ಮರುದಿನ ಮಧ್ಯಾಹ್ನ ಫಾರಮು ಕೊಡಲು ನಾಲ್ಕೂ ಜನ ಹೊರಟೆವು. ಅನುವಿಗೆ ಸ್ಕೂಲು ಬೇಗ ಬಿಟ್ಟಿತ್ತು. ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆಯ ಹತ್ತಿರ ಬರುವಾಗ ದೂರದಲ್ಲಿ ಬೆಳ್ಳನೆಯ ಗುಡ್ಡ ಕಂಡು, "ಅಯ್ಯೋ, ಹಿಮ!" ಎಂದು ಕೂಗಿಬಿಟ್ಟೆ. ಹಿಮಾಲಯವನ್ನೂ ನೋಡದವಳಿಗೆ ಇಲ್ಲಾದರೂ ದರ್ಶನವಾಯಿತಲ್ಲ ಎಂಬ ಆನಂದ.

"ದೊಡ್ಡಮ್ಮಾ, ದಟ್ಸ್ ಸಾಲ್ಟ್!" ಎಂದಳು ಅನು.

ಕೊಲ್ಲಿಯ ನೀರನ್ನು ಗದ್ದೆಗಳಲ್ಲಿ ನಿಲ್ಲಿಸಿ ಉಪ್ಪು ತೆಗೆಯುತ್ತಾರಂತೆ. ಅದು ಉಪ್ಪಿನ ರಾಶಿ. ಮಹಬೂಬಾ ಹಿಮದ ದೇಶದವರು, ಗಂಭೀರವಾಗಿ ಹೇಳಿದರು: "ಮೊದಲ ಸಲ ನೋಡಿದಾಗ ನಾನೂ ಹಿಮ ಅಂದುಕೊಂಡೆ ಬೆಹೆನ್‌ಜಿ. ಆಮೇಲೆ ಅತ್ತೆ."

ಸಂಸ್ಥೆಯ ಕಚೇರಿ ಒಂದು ಹಲ್ಲಿನ ಡಾಕ್ಟರರ ಪಕ್ಕದಲ್ಲಿತ್ತು, ಎರಡೇ ಕೋಣೆ. ಫಾರಮು ತೆಗೆದುಕೊಳ್ಳಲು ಕೂತಿದ್ದ ಸ್ವಯಂಸೇವಕಿಗೆ ಎಪ್ಪತ್ತಾದರೂ ಆಗಿರಬೇಕು. ಜಪಾನಿ ಮೂಲದವರು, ಹುಟ್ಟಿದ್ದು ಇಲ್ಲೇ. ಹೆಸರು ಐಕೋ ಎಂದರು. ಮಹಬೂಬಾ ಬರೆದದ್ದರ ಅರ್ಥವನ್ನು ಕೇಳಿ ತಿಳಿದುಕೊಂಡರು. ನಾನು ತಡೆಯಲಾರದೆ ಕೇಳಿದೆ: "ಮಕ್ಕಳ ಲೆಕ್ಕ ಕೇಳಿರುವುದು ನಿಯಮಕ್ಕೆ ವಿರೋಧವಲ್ಲ ತಾನೆ?"

ಐಕೋ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಮಕ್ಕಳು ಹುಟ್ಟಿದ್ದು ಮನೆಯ ಸುದ್ದಿಯಲ್ಲದಿದ್ದರೆ ಇನ್ನಾವುದು ಮನೆಯ ಸುದ್ದಿ?"

ಮುದ್ರೆ ಒತ್ತುತ್ತ ಅವರು ತಮ್ಮ ವಿಷಯ ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ, ಜಪಾನಿ ರಕ್ತದವರೆಂಬ ಒಂದೇ ಕಾರಣಕ್ಕೆ, ಅವರ ಮನೆಯವರನ್ನೆಲ್ಲ ಇದೇ ದೇಶದ ಸರ್ಕಾರ ಮರುಭೂಮಿಯ ಒಂದು ಶಿಬಿರದಲ್ಲಿ ಕೂಡಿಹಾಕಿತ್ತು. ಅಜ್ಜಿ ಜಪಾನಿನಲ್ಲಿದ್ದರು. ಎರಡು ದೇಶಗಳ ನಡುವೆ ಅಂಚೆಯಿಲ್ಲ. ಇಂಥದೇ ಫಾರಮಿನಲ್ಲಿ ಅಜ್ಜಿಯ ಮಾತು ಬಂತು, ಹದಿನಾಲ್ಕು ತಿಂಗಳ ಮೇಲೆ.

"ಏನು ಬರೆದಿದ್ದರು?" ಎಂದರು ಮಹಬೂಬಾ.

"ಉಪ್ಪಿನಕಾಯಿ ಹಾಕುವಾಗ ಕಲ್ಲು ಭಾರ ಇಡುವುದನ್ನು ಮರೆಯಬೇಡ ಅಂತ. ಅಮ್ಮ ಓದಿ ಬೈದಳು, ಇಷ್ಟು ದೂರದಿಂದ ಇದನ್ನೇ ಹೇಳಬೇಕಿತ್ತಾ ಅಂತ. ಮಾರನೆಯ ದಿನ ಶಿಬಿರದ ಹಿಂದೆ ಹೋಗಿ ಒಳ್ಳೆಯ ಕಲ್ಲು ಹುಡುಕಿಕೊಂಡು ಬಂದಳು."

ಮಹಬೂಬಾ ಐಕೋರ ಕೈಯನ್ನು ಹಿಡಿದುಕೊಂಡರು. ನಮ್ಮ ಕಡೆ ಹಿರಿಯರಿಗೆ ಮಾಡುವ ಹಾಗೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಐಕೋ ಸ್ವಲ್ಪ ಕಕ್ಕಾಬಿಕ್ಕಿಯಾಗಿ, "ಕಾಯಬೇಕು. ಆದರೆ ಹೋಗುತ್ತದೆ. ಹೋಗುವುದನ್ನು ನಾನು ನೋಡಿದ್ದೇನೆ" ಎಂದರು.

ವಾಪಸು ಬರುವಾಗ ಅನು ಹಿಂದಿನ ಸೀಟಿನಲ್ಲಿ ಬಹಳ ಹೊತ್ತು ಯೋಚಿಸಿ, "ದೊಡ್ಡಮ್ಮ, ನೀನು ಇದನ್ನ ಟೀಚ್ ಮಾಡ್ತೀಯಾ?" ಎಂದು ಕೇಳಿದಳು. ಅವಳು ಅರ್ಧವಾದರೂ ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಇನ್ನು ಮೇಲೆ ಮಾಡ್ತೀನಿ ಪುಟ್ಟೀ ಎಂದೆ.

ಮೈಸೂರು

ಊರಿಗೆ ಬಂದವಳು ಪ್ರಬಂಧವನ್ನು ಹೊಸದಾಗಿ ಟೈಪು ಮಾಡಿಸಿದೆ. ಎಕ್ಸ್, ವೈ ಎರಡೂ ಹೋದವು. ಇಂಡಿಯಾ ಆಗ ಎಷ್ಟು ಮೆತ್ತಗೆ ಮಾತಾಡಿತು ಎಂಬುದನ್ನೂ ಒಂದು ಪುಟದಲ್ಲಿ ಸೇರಿಸಿದೆ. ಕಾಲೇಜಿನ ಪತ್ರಿಕೆಗೆ ಕೊಟ್ಟ ನಾಲ್ಕನೆಯ ದಿನ ಪ್ರಿನ್ಸಿಪಾಲರಿಂದ ಕರೆ ಬಂತು. ಮೆಮೊ ಖಂಡಿತ ಎಂದುಕೊಂಡು ಹೋದೆ.

"ಹೆಸರು ಹಾಕಿಬಿಟ್ಟಿದ್ದೀರಿ ಮೇಡಂ."

"ಹಾಕಿದ್ದೀನಿ ಸಾರ್."

ಅವರು ಹಾಳೆಗಳನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಮಗುಚಿದರು. ಮಹಬೂಬಾರ ಪ್ರಶ್ನೆ ಇದ್ದ ಪುಟದಲ್ಲಿ ತಡೆದರು. "ಈ ಹೆಂಗಸು ನಿಜವಾಗ್ಲೂ ಇದ್ದಾರಾ?"

"ಇದ್ದಾರೆ ಸಾರ್. ಭೂಗೋಳದ ಮೇಷ್ಟ್ರು."

"ಹಂಗಾದ್ರೆ ಊರುಗಳ ಸ್ಪೆಲಿಂಗು ಅವರನ್ನೇ ಕೇಳಿ ಸರಿಮಾಡ್ಸಿ. ತಪ್ಪು ಅಚ್ಚಾದ್ರೆ ನಗ್ತಾರೆ" ಎಂದು ಸಹಿ ಮಾಡಿದರು. ಅವರಿಗೂ ಆ ಎಕ್ಸ್, ವೈ ಮೊದಲಿನಿಂದಲೂ ಚುಚ್ಚುತ್ತಿತ್ತೋ ಏನೋ, ನಾನು ಕೇಳಲಿಲ್ಲ.

ತರಗತಿಯಲ್ಲಿ ಆ ಸಣ್ಣ ವಿಧಿಗೆ ಈಗ ಒಂದು ಪೂರ್ತಿ ಸಂಜೆ ಕೊಡುತ್ತೇನೆ. ಹಗಲೆಲ್ಲ ದುಡಿದು ಬರುವ ವಿದ್ಯಾರ್ಥಿಗಳು. ಗುಮಾಸ್ತರು, ಬಸ್ ಕಂಡಕ್ಟರು, ಇಬ್ಬರು ನರ್ಸುಗಳು. ಮನೆಯವರಿಗೆ ಇಪ್ಪತ್ತೈದೇ ಮಾತಿನಲ್ಲಿ ಕಾಗದ ಬರೆಯಿರಿ ಎನ್ನುತ್ತೇನೆ. ಮೊದಲು ನಗುತ್ತಾರೆ. ಹತ್ತು ನಿಮಿಷದಲ್ಲಿ ಬೆರಳು ಮಡಿಸಿ ಎಣಿಸತೊಡಗುತ್ತಾರೆ.

ಫಾರಮು ಕೊಟ್ಟ ಏಳು ತಿಂಗಳ ಮೇಲೆ ನಳಿನಿಯ ದಪ್ಪ ಲಕೋಟೆ ಬಂತು. ಅಷ್ಟರಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನ ಬಿಟ್ಟು ಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಕಾಳಗ ನಿಂತಿರಲಿಲ್ಲ. ಲಕೋಟೆಯಲ್ಲಿ ಫಾರಮಿನ ಹಿಂಬದಿಯ ಜೆರಾಕ್ಸಿತ್ತು, ಅದಕ್ಕೆ ಪಿನ್ನು ಮಾಡಿದ ನಳಿನಿಯ ಕಾಗದದಲ್ಲಿ ಅದರ ಅರ್ಥ.

"ಅಕ್ಕಾ, ಈ ವರ್ಷ ನಲವತ್ತೊಂದು. ಎರಡು ಅವಳಿ. ನನ್ನ ಎಡಗಾಲು ಸ್ವಲ್ಪ ಎಳೆಯುತ್ತದೆ, ಕೈ ಗಟ್ಟಿಯಿದೆ. ಡಿಸೆಂಬರಿನಲ್ಲಿ ಹುಟ್ಟಿದ ಒಂದು ಹುಡುಗಿಗೆ ನಿನ್ನ ಹೆಸರಿಟ್ಟೆ. ಅವಳೂ ಬಾಯಿ ಮುಚ್ಚುವುದಿಲ್ಲ." ಇದರ ನಡುವೆ ಒಂದು ಸಾಲಿನ ಮೇಲೆ ಕಪ್ಪು ಮಸಿ ಬಳಿದಿತ್ತು. ಜೆರಾಕ್ಸಿನಲ್ಲಿ ಅದು ಬರೀ ಕರಿಪಟ್ಟಿ.

ನಳಿನಿ ಬರೆದಿದ್ದಳು: "ಸರೋಜಕ್ಕ, ಮಹಬೂಬಾ ಫಾರಮು ಹಿಡ್ಕೊಂಡು ಸೀದಾ ನನ್ನ ಕ್ಲಿನಿಕ್ಕಿಗೇ ಬಂದ್ರು. ಪೇಷೆಂಟ್ಸ್ ಎಲ್ಲ ಕಾಯ್ತಾ ಇದ್ರು. ವೇಟಿಂಗ್ ರೂಮಿನ ಮಧ್ಯೆ ನಿಂತು ನಲವತ್ತೊಂದು, ನಲವತ್ತೊಂದು ಅಂತ ಅವರ ಭಾಷೇಲಿ ಕೂಗಿದ್ರು. ಅಲ್ಲಿದ್ದ ಅಫ್ಘಾನ್ ತಾಯಂದಿರೆಲ್ಲ ಎದ್ದು ತಬ್ಬಿಕೊಂಡ್ರು. ಕಪ್ಪು ಸಾಲನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿದ್ವಿ, ಏನೂ ಕಾಣ್ಲಿಲ್ಲ. ಹೋಗ್ಲಿ, ಅದನ್ನ ಅವಳ ಬಾಯಿಂದಾನೇ ಕೇಳ್ತೀನಿ ಅಂದ್ರು. ಮುಂದಿನ ಫಾರಮಿಗೆ ಏನು ಬರೀಬೇಕು ಅಂತ ನಮ್ಮಕ್ಕನ್ನ ಕೇಳ್ಲಾ ಅಂದೆ. ಬೇಡ, ಆಗ್ಲೇ ಬರೆದು ಪೋಸ್ಟಿಗೆ ಹಾಕಿ ಬಂದೆ ಅಂದ್ರು."